ಐವತ್ತೈದು ಓಟಿನಲ್ಲಿ ಸೋತವರು: ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ಸಹಕಾರ ಎಂದ ಕೂಡಲೆ ನಮ್ಮ ಸದಸ್ಯ ಬಂಧುಗಳಿಗೆ ನೆನಪಾಗುವುದು ಬೆಳೆ ಸಾಲ, ಯೂರಿಯಾ ಮೂಟೆ, ಷೇರು ಹಣ, ವರ್ಷಕ್ಕೊಂದು ಸಲ ಸೇರುವ ಮಹಾಸಭೆ. ಸಹಕಾರ ಸಪ್ತಾಹ ಬಂದರೆ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಫೋಟೋಗೆ ಹಾರ ಹಾಕುತ್ತೇವೆ. ಅದು ಸರಿಯೇ. ಆದರೆ ಸಹಕಾರದ ಕೆಲಸ ಮಾಡಿದ ಒಬ್ಬ ಕನ್ನಡ ನಾಡಿನ ಹೆಣ್ಣುಮಗಳ ಹೆಸರನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೂ ಕರಕುಶಲ ವಸ್ತುಗಳಿಗೆ ಪ್ರೋತ್ಸಾಹ ಕೊಟ್ಟವರು ಅಂತ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಬೆಳ್ಳಿಹಬ್ಬದ ಸಂಚಿಕೆಗೆ ಒಂದು ಜೀವನ ಚರಿತ್ರೆ ಬರೆಯಬೇಕೆಂದು ಸಂಘದವರು ಕೇಳಿದಾಗ ನಾನು ಅವರನ್ನೇ ಆರಿಸಿಕೊಂಡೆ. ಅವರು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಹೆಸರು ಬಂಗಾಳಿಯಾದರೂ ಹುಟ್ಟಿದ್ದು ಮಂಗಳೂರಿನಲ್ಲಿ. ಶಾಸನ ಸಭೆಯ ಚುನಾವಣೆಗೆ ಒಂದು ಹೆಣ್ಣು ನಿಲ್ಲುವುದು ಅಂದರೆ ಏನೆಂದೇ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ನಿಂತು, ಕೂದಲೆಳೆಯಲ್ಲಿ ಸೋತವರು.

ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಸಾರಸ್ವತ ಮನೆತನ. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಮನೆಯಲ್ಲೇ ಓದು ಕಲಿತ ಹೆಂಗಸು. ಮಗುವಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿಗೆ ಉಳಿದದ್ದು ತಿಂಗಳಿಗೆ ಇಷ್ಟು ಅಂತ ಗೊತ್ತುಮಾಡಿದ ಜೀವನಾಂಶ. ಆ ತಾಯಿ ಅದನ್ನು ಬೇಡವೆಂದರು. ತವರಿನಿಂದ ಬಂದಿದ್ದರಲ್ಲೇ ಮಗಳನ್ನು ಸಾಕಿದರು.

ಈ ಸಂಗತಿಯನ್ನು ಓದುಗರು ವಸಿ ನಿಂತು ಯೋಚಿಸಬೇಕು. ನಮ್ಮ ಸಂಘದಲ್ಲಿ ಬೆಳೆ ಸಾಲ ಬೇಕೆಂದರೆ ಮೊದಲು ಕೇಳುವುದು ಪಹಣಿ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಸಾಲವಿಲ್ಲ. ಗದ್ದೆಯಲ್ಲಿ ನಾಟಿ ಹಾಕುವವರು, ಕಳೆ ಕೀಳುವವರು ಹೆಂಗಸರು. ಪಹಣಿಯಲ್ಲಿರುವುದು ಗಂಡಸಿನ ಹೆಸರು. ಹಿಂದೂ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1956ರಲ್ಲಿ. ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸರಿಸಮ ಪಾಲು ಎಂದು ಕರ್ನಾಟಕ ತಿದ್ದುಪಡಿ ಮಾಡಿದ್ದು 1994ರಲ್ಲಿ, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಕಮಲಾದೇವಿಯವರು ಏಳನೇ ವಯಸ್ಸಿನಲ್ಲಿ ಕಂಡದ್ದು ಇದಕ್ಕೆಲ್ಲ ಬಹಳ ಮುಂಚಿನ ಕಾಲ. ಕಾಗದದ ಮೇಲೆ ಹೆಸರಿಲ್ಲದಿದ್ದರೆ ಮನೆಯ ಯಜಮಾನಿಯೂ ಒಂದೇ ದಿನದಲ್ಲಿ ಪರರ ಮನೆಯವಳಾಗುತ್ತಾಳೆ ಎನ್ನುವುದನ್ನು ಅವರು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ.

ಹದಿನಾಲ್ಕನೇ ವಯಸ್ಸಿಗೆ, 1917ರಲ್ಲಿ, ಮದುವೆಯಾಯಿತು. ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಹೋದರು. ಆ ಕಾಲದಲ್ಲಿ ಮೇಲುಜಾತಿಯ ಬಾಲವಿಧವೆ ಎಂದರೆ ತಲೆ ಬೋಳಿಸಿ ಮೂಲೆಗೆ ಕೂರಿಸುವ ಪದ್ಧತಿ ಇನ್ನೂ ಇತ್ತು. ಇವರನ್ನು ಮನೆಯವರು ಹಾಗೆ ಮಾಡಲಿಲ್ಲ. ಓದಲು ಬಿಟ್ಟರು. ಮದ್ರಾಸಿನ ಕ್ವೀನ್ ಮೇರಿ ಕಾಲೇಜಿಗೆ ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯವರ ಸ್ನೇಹವಾಗಿ, ಅವರ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಹರೀಂದ್ರರು ಕವಿ, ನಾಟಕದವರು. ವಿಧವೆಯಾದವಳು ಇನ್ನೊಂದು ಮದುವೆಯಾಗುವುದು, ಅದೂ ಬೇರೆ ಜಾತಿ, ಬೇರೆ ಭಾಷೆಯವರನ್ನು! ಜನ ಆಡಿಕೊಂಡರು. ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದೆ ಒಂದು ಗಂಡುಮಗುವಾಯಿತು. ಇನ್ನೂ ಮುಂದೆ ಆ ಸಂಸಾರ ಕೂಡಿಬರಲಿಲ್ಲ, ಕಾನೂನಿನ ಪ್ರಕಾರವೇ ಬೇರೆಯಾದರು. ಅದಕ್ಕೂ ಜನ ಆಡಿಕೊಂಡರು.

ಗಂಡನ ಜೊತೆ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಡಿಪ್ಲೊಮ ಮಾಡಿದರು. ಊರಿಗೆ ಬಂದ ಮೇಲೆ ಸೇವಾದಳ ಸೇರಿದರು. ಸೇವಾದಳ ನಮ್ಮ ನಾಡಿನವರೇ ಆದ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸಂಸ್ಥೆ. ಅದರ ಹೆಂಗಸರ ವಿಭಾಗದ ಹೊಣೆ ಕಮಲಾದೇವಿಯವರ ಮೇಲೆ ಬಿತ್ತು. ಹುಡುಗಿಯರನ್ನು ಸೇರಿಸುವುದು, ತರಬೇತಿ ಕೊಡುವುದು, ಅವರ ಅಪ್ಪ ಅಮ್ಮಂದಿರನ್ನು ಒಪ್ಪಿಸುವುದು. ಈ ಕೊನೆಯ ಕೆಲಸವೇ ದೊಡ್ಡದು ಎಂದು ಬೇರೆ ಹೇಳಬೇಕಾಗಿಲ್ಲ. ಇವತ್ತಿಗೂ ಸ್ತ್ರೀಶಕ್ತಿ ಸಂಘದ ತರಬೇತಿಗೆ ಸೊಸೆಯನ್ನು ಮಂಡ್ಯಕ್ಕೆ ಕಳಿಸಿ ಅಂದರೆ ಹತ್ತು ಕಾರಣ ಹೇಳೋ ಮನೆಗಳು ನಮ್ಮಲ್ಲಿವೆ.

ಈಗ ಚುನಾವಣೆಯ ಮಾತಿಗೆ ಬರುತ್ತೇನೆ.

ಇಸವಿ 1926. ನಮ್ಮ ಕಡೆ ಆಗ ಮಹಾರಾಜರ ಆಳ್ವಿಕೆ. ಮಂಡ್ಯ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು, ಜಿಲ್ಲೆಯಾದದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಮದ್ದೂರು ಮಳವಳ್ಳಿ ಬಯಲಿಗೆ ಬಂದಿರಲಿಲ್ಲ, ರಾಗಿ ಹುರುಳಿಯೇ ಗತಿ. ಸಕ್ಕರೆ ಕಾರ್ಖಾನೆ 1933ರ ಮಾತು. ಮಂಗಳೂರು ಮಾತ್ರ ನಮ್ಮ ರಾಜ್ಯದಲ್ಲಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಬ್ರಿಟಿಷರ ನೇರ ಆಡಳಿತದಲ್ಲಿ, ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯಕ್ಕೆ ಒಂದು ಲೆಜಿಸ್ಲೇಟಿವ್ ಕೌನ್ಸಿಲ್ ಇತ್ತು. ಈಗಿನ ವಿಧಾನಸಭೆಯ ಹಿರಿಯಣ್ಣ ಅನ್ನಬಹುದು. ಅಧಿಕಾರ ಅರ್ಧಂಬರ್ಧ, ಮುಖ್ಯವಾದ ಖಾತೆಗಳೆಲ್ಲ ಗವರ್ನರ ಕೈಯಲ್ಲಿ.

ಓಟು ಎಲ್ಲರಿಗೂ ಇರಲಿಲ್ಲ. ಭೂಕಂದಾಯ ಕಟ್ಟುವವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಅಂದರೆ ಕಾಗದದಲ್ಲಿ ಹೆಸರಿದ್ದವರಿಗೆ. 1921ರಲ್ಲಿ ಮದ್ರಾಸ್ ಕೌನ್ಸಿಲ್ ಹೆಂಗಸರಿಗೂ ಓಟು ಕೊಡುವ ನಿರ್ಣಯ ಮಾಡಿತು. ಬೇರೆ ಪ್ರಾಂತ್ಯಗಳಿಗಿಂತ ಅದು ಮುಂದೆ ಇತ್ತು ಅನ್ನುವುದು ಮದ್ರಾಸಿನ ಹೆಗ್ಗಳಿಕೆ. ಆದರೆ ಆಸ್ತಿಯ ಷರತ್ತು ಹಾಗೇ ಉಳಿಯಿತು. ಹೆಂಗಸರಲ್ಲಿ ಎಷ್ಟು ಜನರ ಹೆಸರಿನಲ್ಲಿ ಕಂದಾಯದ ರಸೀದಿ ಇರುತ್ತಿತ್ತು? ಪಟ್ಟಿಗೆ ಬಂದವರು ಬೆರಳೆಣಿಕೆಯ ಹಾಗೆ. ಮೇಲಾಗಿ ಓಟು ಹಾಕಬಹುದಾಗಿತ್ತೇ ಹೊರತು ಹೆಂಗಸು ಸ್ವತಃ ನಿಲ್ಲುವಂತಿರಲಿಲ್ಲ. ಆ ತಡೆ ತೆಗೆದದ್ದು 1926ರಲ್ಲಿ, ಚುನಾವಣೆ ಹತ್ತಿರ ಬಂದಾಗ.

ಆಗ ಮದ್ರಾಸಿನಲ್ಲಿ ಮಾರ್ಗರೆಟ್ ಕಸಿನ್ಸ್ ಎಂಬ ಐರ್ಲೆಂಡಿನ ಹೆಂಗಸು ಇದ್ದರು. ತಮ್ಮ ದೇಶದಲ್ಲಿ ಹೆಂಗಸರ ಓಟಿಗಾಗಿ ಹೋರಾಡಿ ಜೈಲು ಕಂಡು ಬಂದವರು. ನಾವು ದಿನಾ ಶಾಲೆಯಲ್ಲಿ ಹಾಡುವ ಜನಗಣಮನದ ರಾಗವನ್ನು 1919ರಲ್ಲಿ ಮದನಪಲ್ಲಿಯಲ್ಲಿ ಸ್ವರಲಿಪಿಗೆ ಇಳಿಸಿದವರೂ ಇವರೇ. ಸ್ವಲ್ಪ ಕಾಲ ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆಗಿದ್ದರು, ಹಾಗಾಗಿ ಆ ಊರು ಅವರಿಗೆ ಗೊತ್ತು. ನಿಲ್ಲುವ ಹಕ್ಕು ಬಂತಲ್ಲ, ಇನ್ನು ನಿಲ್ಲುವವರು ಬೇಕು ಅಂತ ಹುಡುಕಿದ ಕಸಿನ್ಸ್ ಅವರ ಕಣ್ಣು ಬಿದ್ದದ್ದು ಕಮಲಾದೇವಿಯವರ ಮೇಲೆ. ಕಮಲಾದೇವಿಗೆ ಆಗ 23 ವರ್ಷ.

ಬಂಧುಗಳೇ, ಇದನ್ನು ಹಗುರವಾಗಿ ಓದಬೇಡಿ. ಗ್ರಾಮ ಪಂಚಾಯಿತಿಗೆ ನಿಲ್ಲುವುದಕ್ಕೂ ಮೂರು ತಿಂಗಳಿಂದ ಹಬ್ಬ ಹರಿದಿನ, ತಿಥಿ, ನಾಮಕರಣ ಒಂದೂ ಬಿಡದೆ ಓಡಾಡುವ ಕಾಲ ಇದು. ಅವರಿಗೆ ಸಿಕ್ಕಿದ್ದು ಕೆಲವೇ ದಿನ. ಯಾವ ಪಾರ್ಟಿಯ ಟಿಕೆಟ್ಟೂ ಇಲ್ಲ, ಪಕ್ಷೇತರ. ಕೈಯಲ್ಲಿ ದುಡ್ಡಿಲ್ಲ. ಓಟು ಇರುವವರಲ್ಲಿ ಬಹುಪಾಲು ಜಮೀನಿರುವ ಗಂಡಸರು. ಹೆಣ್ಣೊಬ್ಬಳು ಓಟು ಕೇಳಿಕೊಂಡು ಅಂಗಳಕ್ಕೆ ಬಂದರೆ ಅವಳನ್ನು ಕೂರಿಸಬೇಕೋ, ನಿಲ್ಲಿಸಿಯೇ ಮಾತಾಡಬೇಕೋ, ಒಳಗೆ ಹೆಂಗಸರ ಹತ್ತಿರ ಕಳಿಸಬೇಕೋ ಅನ್ನುವುದೇ ಮನೆಯ ಯಜಮಾನನಿಗೆ ತಿಳಿಯದ ಕಾಲ. ಅವಳು ವಿಧವೆಯಾಗಿ ಮರುಮದುವೆಯಾದವಳು ಎಂಬುದೂ ಊರಿಗೆಲ್ಲ ಗೊತ್ತು. ಕಸಿನ್ಸ್ ಅವರೇ ಮುಂದೆ ನಿಂತು ಹೆಂಗಸರ ಗುಂಪು ಕಟ್ಟಿ ಪ್ರಚಾರ ನಡೆಸಿದರು. ಓಟು ಹಾಕುವ ಹಕ್ಕಿಲ್ಲದ ಹೆಂಗಸರು ಓಟಿರುವ ಗಂಡಸರ ಹತ್ತಿರ ಹೋಗಿ ಒಂದು ಹೆಣ್ಣಿಗೆ ಓಟು ಕೊಡಿ ಅಂತ ಕೇಳಿದ್ದನ್ನು ಮಂಗಳೂರು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಎಣಿಕೆಯಾದಾಗ ಕಮಲಾದೇವಿ ಸೋತಿದ್ದರು. ಅಂತರ 55 ಓಟು ಎಂದು ಅವರ ಚರಿತ್ರೆ ಬರೆದವರು ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ಐವತ್ತೈದು! ನಮ್ಮೂರಿನ ಒಂದು ಬೀದಿ. ಇನ್ನೊಂದು ವಾರ ಸಿಕ್ಕಿದ್ದರೆ ಗೆಲ್ಲುತ್ತಿದ್ದರೇನೋ. ಪಹಣಿಯಲ್ಲಿ ಹೆಸರಿದ್ದ ಹೆಂಗಸರು ಇನ್ನು ನೂರು ಜನ ಇದ್ದಿದ್ದರೆ ಖಂಡಿತ ಗೆಲ್ಲುತ್ತಿದ್ದರು ಅಂತ ನನ್ನ ಅಭಿಪ್ರಾಯ. ಭಾರತದಲ್ಲಿ ಶಾಸನ ಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂದು ಚರಿತ್ರೆಯಲ್ಲಿ ಅವರ ಹೆಸರು ನಿಂತಿತು. ಕೌನ್ಸಿಲ್ಲಿಗೆ ಆ ಸಲ ಬಂದ ಹೆಂಗಸು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು, ಅದೂ ಸರ್ಕಾರದ ನಾಮಕರಣದಿಂದ. ಅವರು ಉಪಾಧ್ಯಕ್ಷರೂ ಆಗಿ ದೇವದಾಸಿ ಪದ್ಧತಿಯ ವಿರುದ್ಧ ಮಸೂದೆ ತಂದರು. ನಾಮಕರಣದಿಂದ ಬಂದರೂ ಕೆಲಸ ಮಾಡಿದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನರ ಮುಂದೆ ಹೋಗಿ ಕೇಳಿದವರು ಕಮಲಾದೇವಿ.

ಸೋಲು ಅನ್ನುವುದು ನಮ್ಮ ಜಿಲ್ಲೆಯವರಿಗೆ ಗೊತ್ತಿಲ್ಲದ್ದೇನಲ್ಲ. 1962ರ ಚುನಾವಣೆಯಲ್ಲಿ ಮದ್ದೂರು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ನಿಂತವರು ಕೆ.ವಿ. ಶಂಕರಗೌಡರು. ಎದುರಿಗೆ ಅಮೆರಿಕದಲ್ಲಿ ಓದಿ ಬಂದ ಹೊಸ ಹುಡುಗ, ಪಕ್ಷೇತರ, ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಶಂಕರಗೌಡರ ಪರ ಪ್ರಧಾನಿ ನೆಹರೂ ಅವರೇ ಪ್ರಚಾರ ಮಾಡಿದರು. ಆದರೂ ಗೆದ್ದವರು ಕೃಷ್ಣ. ಅವರು ಮುಂದೆ ಮುಖ್ಯಮಂತ್ರಿಯಾದದ್ದು, 2024ರ ಡಿಸೆಂಬರಿನಲ್ಲಿ ತೀರಿಕೊಂಡದ್ದು ಎಲ್ಲರಿಗೂ ತಿಳಿದಿದೆ. ಸೋತ ಶಂಕರಗೌಡರು ಏನು ಮಾಡಿದರು? ಅದೇ 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ತೆರೆಯಿತು, ಅದರ ಹಿಂದೆ ನಿಂತವರು ಅವರು. ರೈತರ ಮಕ್ಕಳು ಇಂಜಿನಿಯರುಗಳಾದರು. 1984ರಲ್ಲಿ ಲೋಕಸಭೆಗೂ ಹೋದರು. ಜಿಲ್ಲೆಯ ಜನ ಅವರನ್ನು ಇವತ್ತಿಗೂ ನಿತ್ಯಸಚಿವರು ಅಂತಲೇ ಕರೆಯುವುದು. ಆ ಹೆಸರು ಓಟಿನಿಂದ ಬಂದದ್ದಲ್ಲ.

ಕಮಲಾದೇವಿಯವರದೂ ಇದೇ ರೀತಿ. ಸೋತ ಮರುವರ್ಷವೇ, 1927ರಲ್ಲಿ, ಕಸಿನ್ಸ್ ಅವರ ಪ್ರಯತ್ನದಿಂದ ಅಖಿಲ ಭಾರತ ಮಹಿಳಾ ಸಮ್ಮೇಳನ ಪುಣೆಯಲ್ಲಿ ಹುಟ್ಟಿತು. ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ತಿರುಗಿದರು. ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿಸಬೇಕು, ಶಾಲೆ ಬೇಕು, ಹೆರಿಗೆಯ ರಜೆ ಬೇಕು ಎಂದು ಸಭೆ ಸಭೆಗಳಲ್ಲಿ ವಾದಿಸಿದರು. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲಿ ಬಂದದ್ದು ಈ ಸಂಸ್ಥೆಯ ಕೆಲಸದಿಂದ.

1930ರ ಉಪ್ಪಿನ ಸತ್ಯಾಗ್ರಹದ ಕತೆ ಇನ್ನೂ ಸೊಗಸಾಗಿದೆ. ಗಾಂಧೀಜಿ ದಂಡಿಗೆ ನಡೆದಾಗ ತಮ್ಮ ತಂಡದಲ್ಲಿ ಹೆಂಗಸರನ್ನು ಸೇರಿಸಿರಲಿಲ್ಲ. ಕಮಲಾದೇವಿ ದಾರಿಯಲ್ಲೇ ಹೋಗಿ ಅವರನ್ನು ಕಂಡು, ಹೆಂಗಸರನ್ನು ಯಾಕೆ ಹೊರಗಿಡುತ್ತೀರಿ ಎಂದು ಕೇಳಿದರು. ಉಪ್ಪು ಅಡುಗೆಮನೆಯ ಸಾಮಾನು. ಅದರ ಹೋರಾಟದಲ್ಲಿ ಅಡುಗೆಮನೆಯವರಿಗೇ ಜಾಗವಿಲ್ಲವೆಂದರೆ ಹೇಗೆ? ಗಾಂಧೀಜಿ ಒಪ್ಪಿದರು. ಬೊಂಬಾಯಿಯ ಚೌಪಾಟಿ ಸಮುದ್ರ ದಂಡೆಯಲ್ಲಿ ಕಮಲಾದೇವಿ ಮತ್ತು ಅವಂತಿಕಾಬಾಯಿ ಗೋಖಲೆಯವರು ಒಲೆ ಹೂಡಿ ಉಪ್ಪು ಕಾಯಿಸಿದರು. ಆ ಉಪ್ಪನ್ನು ಪೊಟ್ಟಣ ಕಟ್ಟಿ ಷೇರು ಪೇಟೆಗೆ ಹೋಗಿ ವ್ಯಾಪಾರಿಗಳಿಗೆ ಮಾರಿದರು. ಅಷ್ಟಕ್ಕೇ ಬಿಡದೆ ಹೈಕೋರ್ಟಿನೊಳಗೆ ಹೋಗಿ ಅಲ್ಲಿದ್ದ ನ್ಯಾಯಾಧಿಕಾರಿಗೂ ಒಂದು ಪೊಟ್ಟಣ ಕೊಳ್ಳಿರೆಂದು ಕೇಳಿದರು! ಜೈಲಾಯಿತು. ನಮ್ಮ ಮದ್ದೂರಿನ ಶಿವಪುರದಲ್ಲಿ ಬಾವುಟ ಹಾರಿಸಿದ ಸತ್ಯಾಗ್ರಹ ನಡೆದದ್ದು ಇದಾದ ಎಂಟು ವರ್ಷಕ್ಕೆ, 1938ರ ಏಪ್ರಿಲಿನಲ್ಲಿ. ಬಾವುಟಕ್ಕಾಗಿ ಪೋಲಿಸರಿಗೆ ಎದುರು ನಿಲ್ಲುವುದೆಂದರೆ ಏನೆಂದು ನಮ್ಮ ತಾಲ್ಲೂಕಿನ ಹಳೆಯ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ.

ನಡುವೆ ಬಣ್ಣ ಹಚ್ಚಿಕೊಂಡದ್ದೂ ಉಂಟು. ಮರ್ಯಾದಸ್ಥರ ಮನೆಯ ಹೆಂಗಸರು ರಂಗದ ಹತ್ತಿರ ಸುಳಿಯಬಾರದು ಎನ್ನುತ್ತಿದ್ದ ಕಾಲದಲ್ಲಿ ನಾಟಕಗಳಲ್ಲಿ ಅಭಿನಯಿಸಿದರು. ಮೃಚ್ಛಕಟಿಕದ ಕತೆಯನ್ನಿಟ್ಟುಕೊಂಡು ಮಾಡಿದ ಮೂಕಿ ಚಿತ್ರದಲ್ಲೂ ಪಾತ್ರ ಮಾಡಿದರು. ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದದ್ದು 1936ರಲ್ಲಿ. ಮತ್ತೆ ಮತ್ತೆ ಜೈಲಿಗೆ ಹೋದದ್ದು, ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡ್, ಅಮೆರಿಕ, ಜಪಾನ್, ಚೀನಾ ತಿರುಗಿದ್ದು, ಇವನ್ನೆಲ್ಲ ಬರೆಯಲು ಹೋದರೆ ಸಂಚಿಕೆಯ ಪುಟ ಸಾಲದು. ಒಂದನ್ನು ಮಾತ್ರ ಬಿಡಲಾರೆ. 1941ರಲ್ಲಿ ಅಮೆರಿಕದ ದಕ್ಷಿಣದ ಕಡೆ ರೈಲಿನಲ್ಲಿ ಹೋಗುತ್ತಿದ್ದಾಗ ಟಿಕೆಟ್ ತಪಾಸಣೆಯವನು ಬಂದು ಇವರನ್ನು ಕಪ್ಪು ಜನರ ಡಬ್ಬಿಗೆ ಹೋಗಲು ಹೇಳಿದ. ಇವರು ಏಳಲಿಲ್ಲ. ಆಮೇಲೆ ಇವರು ಭಾರತದವರೆಂದು ಗೊತ್ತಾಗಿ ಅವನು ಮೆತ್ತಗಾದ. ವಿದೇಶಿ ಎಂಬ ವಿನಾಯಿತಿ ಕಮಲಾದೇವಿಗೆ ಬೇಕಿರಲಿಲ್ಲ. ತಾನೂ ಬಣ್ಣದ ಹೆಂಗಸೇ, ಆದರೂ ಏಳುವುದಿಲ್ಲ ಎಂದು ತಿಳಿಸಿ ಕೂತೇ ಇದ್ದರು. ಅವನು ಗೊಣಗಿಕೊಂಡು ಹೋದ.

ಇನ್ನು ನಮ್ಮ ಸಂಘಕ್ಕೆ ಸಂಬಂಧಪಟ್ಟ ಭಾಗ.

1947ರಲ್ಲಿ ಸ್ವಾತಂತ್ರ್ಯ ಬಂತು, ಜೊತೆಗೆ ದೇಶ ಎರಡಾಯಿತು. ಮನೆ ಮಠ ಬಿಟ್ಟು ಓಡಿಬಂದ ಲಕ್ಷಾಂತರ ಜನ ದೆಹಲಿಯ ಸುತ್ತ ಡೇರೆಗಳಲ್ಲಿ ಬಿದ್ದಿದ್ದರು. ಜೊತೆಯಲ್ಲಿ ಹೋರಾಡಿದವರೆಲ್ಲ ಮಂತ್ರಿಗಳು, ಗವರ್ನರುಗಳು, ರಾಯಭಾರಿಗಳಾಗುತ್ತಿದ್ದ ಹೊತ್ತು. ಕಮಲಾದೇವಿಯವರಿಗೆ ಆ ದಾರಿ ಮುಚ್ಚಿರಲಿಲ್ಲ. ಅವರು ಆ ಕಡೆ ಹೋಗಲಿಲ್ಲ. ಡೇರೆಗಳ ಕಡೆ ಹೋದರು.

ಡೇರೆಗಳಲ್ಲಿ ಸರ್ಕಾರ ಅಕ್ಕಿ ಗೋಧಿ ಕೊಡುತ್ತಿತ್ತು. ಜನ ಸಾಲು ನಿಂತು ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದರು. ಮೊನ್ನೆಯವರೆಗೆ ಹೊಲ, ಅಂಗಡಿ, ಕಸುಬು ಇದ್ದವರು ಹೀಗೆ ನಿಂತರೆ ಆರು ತಿಂಗಳಲ್ಲಿ ಬೆನ್ನುಮೂಳೆ ಹೋಗುತ್ತದೆ ಎಂದು ಕಮಲಾದೇವಿಗೆ ಅನ್ನಿಸಿತು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟ ಎಂಬ ಸಂಸ್ಥೆ ಕಟ್ಟಿದರು. ಇಂಗ್ಲಿಷಿನಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್. ನಿರಾಶ್ರಿತರೇ ಸಂಘ ಮಾಡಿಕೊಂಡು ತಮ್ಮ ಊರನ್ನು ತಾವೇ ಕಟ್ಟಿಕೊಳ್ಳಲಿ ಎಂಬ ಯೋಜನೆ ಹಿಡಿದು ನೆಹರೂ ಅವರ ಹತ್ತಿರ ಹೋದರು. ನೆಹರೂ ಅರೆಮನಸ್ಸಿನಿಂದ ಒಪ್ಪಿದರು, ಒಂದು ಷರತ್ತಿನ ಮೇಲೆ: ಸರ್ಕಾರದಿಂದ ಹಣ ಸಹಾಯ ಕೇಳಕೂಡದು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಬಿಡುತ್ತಿದ್ದರು. ಸಬ್ಸಿಡಿ ಇಲ್ಲದಿದ್ದರೆ ಸಂಘ ಯಾಕೆ ಅನ್ನುವವರು ನಮ್ಮಲ್ಲೂ ಇದ್ದಾರೆ, ಹೆಸರು ಬೇಡ.

ದೆಹಲಿಯ ಹತ್ತಿರ ಛತರ್‌ಪುರದಲ್ಲಿ ಬೇಸಾಯಗಾರ ನಿರಾಶ್ರಿತರು ಸಹಕಾರಿ ಬೇಸಾಯಕ್ಕೆ ಇಳಿದರು. ದೊಡ್ಡ ಪ್ರಯೋಗ ನಡೆದದ್ದು ಫರೀದಾಬಾದಿನಲ್ಲಿ. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಹತ್ತಾರು ಸಾವಿರ ಜನ ಅಲ್ಲಿದ್ದರು. ಮನೆಗಳನ್ನು ಕಂಟ್ರಾಕ್ಟರುಗಳಿಂದ ಕಟ್ಟಿಸುವುದು ಸರ್ಕಾರದ ಮಾಮೂಲು ಕ್ರಮ. ಅದರ ಬದಲು ನಿರಾಶ್ರಿತರೇ ಸಹಕಾರ ಸಂಘಗಳನ್ನು ಮಾಡಿಕೊಂಡು ಮಣ್ಣು ಹೊತ್ತು, ಇಟ್ಟಿಗೆ ಸುಟ್ಟು, ಗೋಡೆ ಎಬ್ಬಿಸಿದರು. ಪುಕ್ಕಟೆ ರೇಷನ್ನಿನ ಜಾಗದಲ್ಲಿ ದುಡಿದ ಕೂಲಿ ಬಂತು. ಗಾರೆ ಕೆಲಸ ಕಂಡರಿಯದ ಪಠಾಣ ಸೀಮೆಯ ವ್ಯಾಪಾರಿಗಳು ಕರಣೆ ಹಿಡಿದರು. ಕಮಲಾದೇವಿಯವರ ಜೊತೆ ಅಲ್ಲಿ ದುಡಿದ ತರುಣರಲ್ಲಿ ಒಬ್ಬರು ಎಲ್.ಸಿ. ಜೈನ್. ಮುಂದೆ ಅವರೂ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು, ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದರು. ಫರೀದಾಬಾದಿನ ಕತೆಯನ್ನು ಪುಸ್ತಕವಾಗಿ ಬರೆದಿಟ್ಟರು.

ಆ ಕತೆಯ ಕೊನೆ ಸಿಹಿಯಲ್ಲ. ಊರು ಎದ್ದು ನಿಂತಿತು, ಆದರೆ ಕೆಲವು ವರ್ಷಗಳಲ್ಲಿ ಸರ್ಕಾರದ ಇಲಾಖೆ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಆಫೀಸರುಗಳು ಬಂದರು, ಫೈಲುಗಳು ಬಂದವು, ಸಂಘಗಳು ಒಂದೊಂದಾಗಿ ಮುಗಿದವು. ಇಪ್ಪತ್ತೈದು ವರ್ಷ ಒಂದು ಸಂಘವನ್ನು ಉಳಿಸಿಕೊಂಡು ಬಂದ ನಮ್ಮಂಥವರಿಗೆ ಇದು ಹೇಗಾಗಿರುತ್ತದೆ ಎಂದು ಅರ್ಥವಾಗುತ್ತದೆ. ಸಂಘ ಮುರಿಯುವುದು ಯಾವಾಗಲೂ ಕಳ್ಳತನದಿಂದ ಅಲ್ಲ. ಮೇಲಿನವರ ಒಳ್ಳೆಯ ಉದ್ದೇಶದಿಂದಲೂ ಮುರಿಯುತ್ತದೆ. ಸದಸ್ಯರು ನಾಳೆ ನೋಡೋಣ ಬಿಡು ಅಂತ ಮಹಾಸಭೆಗೆ ಬಾರದೆ ಉಳಿಯುವುದರಿಂದಲೂ ಮುರಿಯುತ್ತದೆ. ಕೋರಂ ಇಲ್ಲದೆ ಸಭೆ ಮುಂದೂಡಿ ಅರ್ಧ ಗಂಟೆ ಬಿಟ್ಟು ಮತ್ತೆ ನಡೆಸುವ ಪದ್ಧತಿ ನಮ್ಮಲ್ಲಿ ಯಾಕೆ ಬಂತು ಎಂಬುದನ್ನು ಸದಸ್ಯರೇ ಹೇಳಬೇಕು.

ಕಮಲಾದೇವಿಯವರು ಕೈಕಟ್ಟಿ ಕೂರಲಿಲ್ಲ. ದೆಹಲಿಯಲ್ಲಿ ಸರ್ಕಾರದ ಗುಡಿಕೈಗಾರಿಕೆ ಮಳಿಗೆ ಸೊರಗಿತ್ತು. 1952ರಲ್ಲಿ ಸಹಕಾರ ಒಕ್ಕೂಟ ಅದನ್ನು ವಹಿಸಿಕೊಂಡಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿ, ಅವರು ಅದರ ಅಧ್ಯಕ್ಷರಾದರು. ಸುಮಾರು ಇಪ್ಪತ್ತು ವರ್ಷ ಆ ಜಾಗದಲ್ಲಿದ್ದರು. ಹೆಸರಿಗೆ ಅಧ್ಯಕ್ಷರು, ಕೂತ ಜಾಗ ಮಾತ್ರ ಕುರ್ಚಿಯಲ್ಲ. ಕುಂಬಾರರ ಗುಡಿಸಲು, ನೇಕಾರರ ಮಗ್ಗದ ಕುಣಿ, ಬಡಗಿಯ ಜಗುಲಿ, ಹೀಗೆ 1952ರಿಂದ ಮುಂದೆ ದೇಶ ಪೂರ್ತಿ ಸುತ್ತಿದರು. ಆಂಧ್ರದ ಕಾಳಹಸ್ತಿಯಲ್ಲಿ ಕಲಂಕಾರಿ ಬಟ್ಟೆಯ ಕಸುಬು ಒಬ್ಬಿಬ್ಬರ ಕೈಗೆ ಇಳಿದು ಸಾಯುವ ಹಾಗಿತ್ತು. ಅಲ್ಲಿ ತರಬೇತಿ ಶುರುಮಾಡಿಸಿದರು. ಜಯಪುರದ ನೀಲಿ ಕುಂಬಾರಿಕೆಯೂ ಹಾಗೆ ಉಳಿಯಿತು. ಮಂಡಳಿಯ ವಿನ್ಯಾಸ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿ ಬಂತು. ಕಸುಬುದಾರನಿಗೆ ಗಿರಾಕಿ ಬೇಕು, ಕಚ್ಚಾ ಮಾಲು ಬೇಕು, ಸಾಲಗಾರನ ಕೈಯಿಂದ ಬಿಡುಗಡೆ ಬೇಕು. ಬರೀ ಸನ್ಮಾನ ಶಾಲು ಹೊದಿಸಿದರೆ ಹೊಟ್ಟೆ ತುಂಬುವುದಿಲ್ಲ. ಅವರು ಮಾಡಿದ್ದರ ತಿರುಳು ಇಷ್ಟೆ. ಮದ್ದೂರು ದಾಟಿದರೆ ಸಿಗುವ ಚನ್ನಪಟ್ಟಣದಲ್ಲಿ ಆಲೆ ಮರದ ಬೊಂಬೆ ಮಾಡುವವರ ಪಾಡು ನೋಡಿದವರಿಗೆ ಈ ಮಾತು ಹೊಸದಲ್ಲ.

ಮಂಡಳಿಗಳು, ಪರಿಷತ್ತುಗಳು ಇನ್ನೂ ಹಲವು ಇವೆ: ಭಾರತೀಯ ನಾಟ್ಯ ಸಂಘ, 1964ರ ವಿಶ್ವ ಕರಕುಶಲ ಪರಿಷತ್ತು, ಸಂಗೀತ ನಾಟಕ ಅಕಾಡೆಮಿಯ ಕೆಲಸ. ಬೆಂಗಳೂರಿನಲ್ಲಿ ಮಾಯಾರಾವ್ ಅವರ ಕಥಕ್ ನೃತ್ಯ ಸಂಸ್ಥೆಗೂ ಬೆನ್ನಿಗೆ ನಿಂತರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. ಕೊಟ್ಟ ಪ್ರಶಸ್ತಿಗಳ ಪಟ್ಟಿ ಉದ್ದವಿದೆ, ಅದನ್ನು ಇಲ್ಲಿಗೆ ಸಾಕುಮಾಡುತ್ತೇನೆ.

ಚುನಾವಣೆಗೆ ಅವರು ಮೊದಲು ತುಳಿದ ಹಾದಿಯಲ್ಲಿ ಆಮೇಲೆ ಬೇಕಾದಷ್ಟು ಜನ ನಡೆದರು. ಆಸ್ತಿಯ ಷರತ್ತಿಲ್ಲದೆ ಗಂಡಸರು ಹೆಂಗಸರು ಎಲ್ಲರೂ ಓಟು ಹಾಕಿದ್ದು 1951–52ರ ಚುನಾವಣೆಯಲ್ಲಿ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಾಗಿತ್ತು, ಈಗ ಗ್ರಾಮ ಪಂಚಾಯಿತಿಯಲ್ಲಿ ಅದು ಅರ್ಧ. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲೂ ಅವರಿಗೆ ಜಾಗವಿದೆ. ಮದ್ದೂರಿನಿಂದ 2008ರ ಉಪಚುನಾವಣೆಯಲ್ಲಿ ಶ್ರೀಮತಿ ಕಲ್ಪನಾ ಸಿದ್ದರಾಜು ವಿಧಾನಸಭೆಗೆ ಗೆದ್ದರು. 2019ರಲ್ಲಿ ಮಂಡ್ಯದಿಂದ ಶ್ರೀಮತಿ ಸುಮಲತಾ ಅಂಬರೀಶ್ ಪಕ್ಷೇತರರಾಗಿಯೇ ಲೋಕಸಭೆಗೆ ಗೆದ್ದರು. ಇಬ್ಬರೂ ಪತಿಯನ್ನು ಕಳೆದುಕೊಂಡ ಮೇಲೆ ನಿಂತವರು. ಗಂಡ ಇರುವಾಗಲೇ, ಗಂಡನ ಹೆಸರಿನ ಬಲವಿಲ್ಲದೆ, ತನ್ನ ಕೆಲಸದ ಮೇಲೆ ಒಬ್ಬಳು ನಮ್ಮ ಮೂರು ತಾಲ್ಲೂಕಿನಲ್ಲಿ ನಿಂತು ಗೆಲ್ಲುವುದನ್ನು ನೋಡುವ ಆಸೆ ನನಗಿದೆ. ಅಷ್ಟರ ಮಟ್ಟಿಗೆ, ಸಂಘದ ಮೀಟಿಂಗಿಗೆ ನಿರ್ದೇಶಕಿಯ ಬದಲು ಅವರ ಯಜಮಾನರು ಬಂದು ಕೂರುವುದಾದರೂ ಈ ಬೆಳ್ಳಿಹಬ್ಬದ ವರ್ಷದಿಂದ ನಿಲ್ಲಲಿ ಎಂದು ಆಡಳಿತ ಮಂಡಳಿಯಲ್ಲಿ ವಿನಂತಿ.

ಕಮಲಾದೇವಿಯವರು 1986ರಲ್ಲಿ ತಮ್ಮ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಎರಡು ವರ್ಷದ ನಂತರ, 1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ ತೀರಿಕೊಂಡರು. ವಯಸ್ಸು 85. ಅವರ ಒಕ್ಕೂಟ ನಡೆಸಿದ ಗುಡಿಕೈಗಾರಿಕೆ ಮಳಿಗೆ ಆಮೇಲೆ ಸರ್ಕಾರದ ನಿಗಮವಾಯಿತು, ದೆಹಲಿಯ ಜನಪಥ ರಸ್ತೆಯಲ್ಲಿದೆ. ರೈತಸಂಘದ ಮೆರವಣಿಗೆಗೋ, ಕಾವೇರಿ ಕೇಸಿನ ಕೆಲಸಕ್ಕೋ ದೆಹಲಿಗೆ ಹೋಗುವ ನಮ್ಮ ಕಡೆಯವರು ಸಮಯ ಮಾಡಿಕೊಂಡು ಒಂದು ಗಳಿಗೆ ಒಳಗೆ ಹೋಗಿಬನ್ನಿ.